ಬಾಯಿ ಇಳಿಸುವ ಮನೆ

ನಮ್ಮ ಪಡಸಾಲೆಯ ಗೋಡೆ ಮಧ್ಯಾಹ್ನದ ಹೊತ್ತಿಗೆ ಉಸಿರಾಡುತ್ತಿತ್ತು. ಮುಂದೆ ಬಳ್ಳಾರಿಯ ಕಾನ್ವೆಂಟಿನಲ್ಲಿ ಪಕ್ಕದ ಮಂಚದ ಹುಡುಗಿಗೆ ಇದನ್ನು ಹೇಳಿದಾಗ ಅವಳು ‘ಡೋಂಟ್ ಟೆಲ್ ಲೈಸ್’ ಎಂದು ಮಗ್ಗಲು ಬದಲಿಸಿದ್ದಳು. ನಾನು ಸುಳ್ಳು ಹೇಳಿರಲಿಲ್ಲ. ಕೊಪ್ಪಳದ ಕೋಟೆ ಗುಡ್ಡದ ಬುಡಕ್ಕೆ ಬೆನ್ನು ಕೊಟ್ಟು ಕೂತಂಥ ಮನೆ ಅದು. ಉಣ್ಣುವ ಹೊತ್ತಿಗೆ ಮೇಲಿನ ಬಂಡೆಗಳೆಲ್ಲ ಕಾದು, ಬಿಸಿಗಾಳಿಯೊಂದು ಗುಡ್ಡದಿಂದ ಇಳಿದು ನಮ್ಮ ತಲೆಬಾಗಿಲಿಗೇ ನುಗ್ಗುತ್ತಿತ್ತು. ಪಡಸಾಲೆಯ ಎಡಗೋಡೆಗೆ ಅಪ್ಪ ಬೇವಿನ ಹಲಗೆ ಬಡಿದು, ಮೂರು ಸಾಲು ಗೂಟ ಹೊಡೆದು, ರಿಪೇರಿಗೆ ಬಂದ ಪೈಪುಗಳನ್ನು ಅಲ್ಲಿ ನೇತುಹಾಕುತ್ತಿದ್ದ. ಸಾಹೇಬರು ತಂಬಾಕು ತುಂಬಿ ಸೇದುವ ಪೈಪು. ಗಾಳಿ ಅವುಗಳ ತಂಬಾಕು ತುಂಬುವ ಬಟ್ಟಲುಗಳ ಬಾಯಿಯ ಮೇಲೆ ಹಾದರೆ ಒಂದು ‘ಹೂ’ ಅನ್ನುತ್ತಿತ್ತು, ಇನ್ನೊಂದು ಸಣ್ಣಗೆ ಸಿಳ್ಳು ಹಾಕುತ್ತಿತ್ತು, ಮೂಲೆಯಲ್ಲಿದ್ದ ದೊಡ್ಡದೊಂದು ಮುದುಕನ ಹಾಗೆ ನಿಟ್ಟುಸಿರು ಬಿಡುತ್ತಿತ್ತು. ನಾನು ಅದರ ಕೆಳಗೇ ಗಂಗಾಳ ಇಟ್ಟುಕೊಂಡು ರೊಟ್ಟಿ ತಿನ್ನುತ್ತಿದ್ದೆ. ನನಗೆ ಭಯವೇನೂ ಇರಲಿಲ್ಲ. ಭಯ ಅನ್ನುವುದು ಬೇರೆಯವರ ಮನೆಗೆ ಹೋಗಿ, ಅವರ ಗೋಡೆಗಳು ಸುಮ್ಮನಿರುವುದನ್ನು ಕಂಡಮೇಲೆ ಬಂದದ್ದು.

ನಾವು ಬಡಿಗರು. ಅಪ್ಪ ಬಾಗಿಲು ಚೌಕಟ್ಟು, ತೊಟ್ಟಿಲು ಮಾಡಿಕೊಂಡಿದ್ದವನು. ರೈಲ್ವೆಯ ಒಬ್ಬ ಇಂಜಿನಿಯರ ಸಾಹೇಬ ಕೊಳವೆ ಮುರಿದ ತನ್ನ ಪೈಪನ್ನು ತಂದು ತೋರಿಸಿದಾಗ, ಇವನು ಎಮ್ಮೆಯ ಕೋಡು ತಿರುವಿ ಹೊಸ ಕೊಳವೆ ಕೂಡಿಸಿಕೊಟ್ಟನಂತೆ. ಅಲ್ಲಿಂದ ಶುರು. ಮುನಿರಾಬಾದಿನಲ್ಲಿ ಡ್ಯಾಮಿನ ಕೆಲಸ ಹತ್ತಿದ ಮೇಲಂತೂ ಅಪ್ಪನ ಹೆಸರು ಬಾಯಿಂದ ಬಾಯಿಗೆ ಹೋಯಿತು. ಆದರೆ ನಮ್ಮಲ್ಲಿಗೆ ಹೆಚ್ಚಾಗಿ ಬರುತ್ತಿದ್ದದ್ದು ಸತ್ತವರ ಪೈಪು. ಒಬ್ಬ ತಹಶೀಲ್ದಾರ ಸತ್ತರೆ ಅವನ ಅಳಿಯ ತರುತ್ತಿದ್ದ. ಸಿದ್ದಾಪುರದ ಕಡೆಯ ಜಮೀನ್ದಾರ ಸತ್ತರೆ ತಮ್ಮ ತರುತ್ತಿದ್ದ. ಒಳ್ಳೆಯ ಬ್ರಯರ್ ಕಟ್ಟಿಗೆಯ ಪೈಪನ್ನು ಯಾರು ಬಿಸಾಡುತ್ತಾರೆ? ಹಾಗಂತ ಸತ್ತವನು ಕಚ್ಚಿದ್ದನ್ನು ಹಾಗೇ ಬಾಯಿಗೆ ಯಾರು ಇಡುತ್ತಾರೆ? ಅದಕ್ಕೇ ಅವರು ನಮ್ಮ ಮನೆಗೆ ಬರುತ್ತಿದ್ದರು. ಅಪ್ಪ ಆ ಕೆಲಸಕ್ಕೆ ‘ಬಾಯಿ ಇಳಿಸೋದು’ ಅನ್ನುತ್ತಿದ್ದ, ದೃಷ್ಟಿ ಇಳಿಸುವ ಹಾಗೆ. ಬಟ್ಟಲೊಳಗೆ ಕಲ್ಲಿನಂತೆ ಕಟ್ಟಿದ ಕಿಟ್ಟವನ್ನು ಮೂರು ಅಂಚಿನ ಚಾಕುವಿನಿಂದ ಕೆರೆದು, ಉಪ್ಪು ತುಂಬಿ, ಅದರ ಮೇಲೆ ಸಾರಾಯಿ ಹನಿಸಿ, ಒಂದು ಹಗಲು ಬಿಡಬೇಕು. ಬೆಳ್ಳಗಿನ ಉಪ್ಪು ಸಂಜೆಗೆ ಹಳೆಯ ರಕ್ತದ ಬಣ್ಣಕ್ಕೆ ತಿರುಗಿರುತ್ತಿತ್ತು. ಆಮೇಲೆ ತಂತಿಗೆ ಅರಳೆ ಸುತ್ತಿ ಕೊಳವೆ ಒರೆಸಿ, ಬಾಯಿಗಿಡುವ ತುದಿಯನ್ನು ಬೂದಿಯಿಂದ ತಿಕ್ಕಿ, ಮೇಣದ ಪಾಲಿಷ್ ಕೊಡುವುದು. ಇಷ್ಟಾದ ಮೇಲೆ ಕೊನೆಯ ಪರೀಕ್ಷೆ ನನ್ನದು.

ಅಪ್ಪನ ನಾಲಿಗೆ ಎಲೆ-ತಂಬಾಕಿನಿಂದ ಸತ್ತು ಹೋಗಿತ್ತು. ನನ್ನದು ಏಳೆಂಟು ವರ್ಷದ ಹುಡುಗಿಯ ನಾಲಿಗೆ, ಹಾಲಿನ ಹಾಗೆ. ಖಾಲಿ ಪೈಪನ್ನು ನಾನು ಬಾಯಿಗಿಟ್ಟು ಮೂರು ಸಲ ಉಸಿರು ಎಳೆಯಬೇಕು. ಮೇಣ, ಉಪ್ಪು, ಕಟ್ಟಿಗೆ ಇಷ್ಟೇ ಸಿಕ್ಕರೆ ‘ಹೋಗೈತಿ’ ಅನ್ನಬೇಕು. ಬೇರೇನಾದರೂ ಸಿಕ್ಕರೆ ‘ಇನ್ನಾ ಅದಾನ’ ಅನ್ನಬೇಕು. ‘ಅದಾನ’ ಅಂತಲೇ ಹೇಳುತ್ತಿದ್ದೆ, ‘ಐತಿ’ ಅಂತ ಎಂದೂ ಅಂದವಳಲ್ಲ. ಬರಬರುತ್ತ ನಾನು ಎಕ್ಸ್‌ಪರ್ಟ್ ಆದೆ. ತೊಳೆಯುವ ಮೊದಲೇ ಕದ್ದು ಬಾಯಿಗಿಟ್ಟು ನೋಡುತ್ತಿದ್ದೆ. ಈತನಿಗೆ ಇಂಗು ಸೇರುತ್ತಿತ್ತು, ಈತನ ದವಡೆ ಹಲ್ಲು ಹುಳುಕಾಗಿತ್ತು, ಈತ ಕೊನೆಗೆ ಬರೀ ಗಂಜಿಯ ಮೇಲಿದ್ದ, ಎಲ್ಲ ಗೊತ್ತಾಗುತ್ತಿತ್ತು. ಇದನ್ನು ಈಗ ಬರೆಯುವಾಗ ಕೈ ಹಿಂಜರಿಯುತ್ತದೆ. ಆಗ ಮಾತ್ರ ನನಗೆ ಹೆಮ್ಮೆ ಇತ್ತು. ಅವ್ವನಿಗೆ ಇದು ಸೇರುತ್ತಿರಲಿಲ್ಲ. ನನ್ನನ್ನು ಎಲ್ಲಾದರೂ ಸಾಲೆಗೆ ಹಚ್ಚಬೇಕು ಅನ್ನುವುದು ಅವಳ ದಿನದ ಮಾತು. ಅಪ್ಪ ನಕ್ಕು ಬಿಡುತ್ತಿದ್ದ.

ಅಪ್ಪನ ತಾಯಿ, ನಮ್ಮ ಆಯಿ, ಈ ಇಡೀ ವ್ಯಾಪಾರವನ್ನೇ ಎಂಜಲು ಅನ್ನುತ್ತಿದ್ದಳು. ಅವಳ ಕಾನೂನು ಎರಡು. ಬಾಯಿ ಇಳಿಸದ ಪೈಪು ಪಡಸಾಲೆಯ ಹೊಸ್ತಿಲು ದಾಟಿ ಒಳಗೆ ಬರಕೂಡದು. ಸತ್ತವರ ಎಂಜಲು ಅಮಾವಾಸ್ಯೆಯ ದಿನ ಮನೆಯಲ್ಲೇ ಇರಕೂಡದು. ಇಳಿಸಬೇಕು, ಇಲ್ಲ ಆಚೆ ಹಾಕಬೇಕು. ಅಪ್ಪ ಪ್ರತಿ ತಿಂಗಳು ಅಮಾವಾಸ್ಯೆಯ ಮೊದಲು ಸತ್ತವರ ಕೆಲಸವನ್ನೆಲ್ಲ ಮುಗಿಸಿಬಿಡುತ್ತಿದ್ದ. ಆ ಒಂದು ತಿಂಗಳು ಮಾತ್ರ ಮುಗಿಸಲಾಗಲಿಲ್ಲ.

ಆ ತಿಂಗಳು ಇರಕಲ್ಲಗಡದ ಕಡೆಯ ಒಂದು ಹಳ್ಳಿಯಿಂದ ಗೌಡಸಾನಿ ಬಂದಳು. ಗೌಡರು ತೀರಿ ಐದಾರು ತಿಂಗಳಾಗಿತ್ತು. ಸವಾರಿ ಬಂಡಿಯಿಂದ ಇಳಿದು, ಪಡಸಾಲೆಯಲ್ಲಿ ಅವ್ವ ಹಾಸಿದ ಕಂಬಳಿಯ ತುದಿಯಲ್ಲಿ ಕೂತು, ಸೆರಗಿನ ಗಂಟು ಬಿಚ್ಚಿದಳು. ಕಪ್ಪು ಮಿರುಗುವ ಒಂದು ಪೈಪು, ಎರಡು ತುಂಡಾಗಿ. ಕೊಳವೆ ಬಟ್ಟಲಿಗೆ ಸೇರುವ ಕೀಲು ಮುರಿದಿತ್ತು. ಬಾಯಿಗಿಡುವ ತುದಿಯ ಎಡಗಡೆಗೆ ಹಲ್ಲಿನ ಎರಡು ಗುಳಿ ಬಿದ್ದಿದ್ದವು.

“ಬಡಗ್ಯಾ, ಕೀಲಷ್ಟ ಕೂಡಸು. ಕೆರೀಬ್ಯಾಡ, ತೊಳೀಬ್ಯಾಡ, ಒರಸಬ್ಯಾಡ.”

“ಯಾಕ್ರಿ ಅವ್ವಾರ? ಒಳಗ ಕಿಟ್ಟ ಭಾಳ ಐತ್ರಿ. ಬಾಯಿ ಇಳಿಸಿದ್ರ ಹೊಸಾದರಂಗ ಅಕ್ಕೈತಿ.”

“ಹೊಸಾದು ಯಾರಿಗೆ ಬೇಕಾಗೇತೋ?”

ಗೌಡಸಾನಿ ಅವ್ವನ ಕಡೆ ತಿರುಗಿದಳು. ಗಂಡಸಿಗೆ ಹೇಳುವ ಮಾತಲ್ಲ ಅನ್ನುವಂತೆ ದನಿ ಇಳಿಸಿದಳು. ಆದರೂ ಪಡಸಾಲೆಯಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತು.

“ಮೂವತ್ತೆಂಟ ವರ್ಷ ಅವರು ಉಂಡು ಬಿಟ್ಟ ಗಂಗಾಳದಾಗ ಉಂಡೀನಿ, ತಂಗಿ. ಅವರ ಎಂಜಲಿಲ್ಲದ ಒಂದ ತುತ್ತು ಗಂಟಲಾಗ ಇಳಿದಿಲ್ಲ. ಅವರು ಹೋದ ಮ್ಯಾಲೆ ಇದನ್ನ ತುಟಿಗೆ ಹಚ್ಚಿಕೊಂಡು, ಆಮ್ಯಾಲೆ ಉಣ್ತಿದ್ದೆ. ಮೊನ್ನೆ ಅಳಕೋತ ಕಚ್ಚಿಬಿಟ್ಟೆ ನೋಡು, ಲಟ್ಟಂತ ಮುರೀತು. ಮುರದದ್ದನ್ನ ತುಟಿಗೆ ಹಚ್ಚಂಗಿಲ್ಲ.”

“ಮತ್ತ ಈಗ ಊಟಾ ಹೆಂಗ್ರಿ, ಅವ್ವಾರ?”

“ಈಗೇನು, ಒಂದೀಟು ಹಾಲು. ಅಮಾಸಿ ಮುಗದ ಐತವಾರ ಬರ್ತೀನಿ. ಅಲ್ಲೀತನಕ ಜೀವಾ ಇರತೈತಿ ಬಿಡು.”

“ಕೆಲಸದಾಗ ಏನರ ಹೆಚ್ಚು ಕಡಿಮಿ ಆದ್ರ…” ಎಂದು ಅಪ್ಪ ಎಂದಿನಂತೆ ಶುರುಮಾಡಿದ.

“ಆದ್ರ ಹಾಲೂ ಬಿಡ್ತೀನಿ,” ಅಂದಳು ಗೌಡಸಾನಿ. ಸಂತೆಗೆ ಹೋಗುವುದೋ ಬೇಡವೋ ಅನ್ನುವಷ್ಟು ಸಹಜವಾಗಿ. ಕೈಯೂರಿ ಎದ್ದಾಗ ಅವಳ ಬಳೆಯಿಲ್ಲದ ಮುಂಗೈ ಕಂಡಿತು. ನಮ್ಮ ಲಟ್ಟಣಿಗೆಯ ಹಿಡಿಗಿಂತ ಅದು ತೆಳ್ಳಗಿತ್ತು.

ಅಪ್ಪ ನನ್ನನ್ನು ಕರೆದು ಬಾಯಿಬಿಟ್ಟೇ ಹೇಳಿದ್ದ: “ಕಮಲೀ, ಇದಕ್ಕ ಕೈ ಹಚ್ಚಂಗಿಲ್ಲ. ಅಮಾಸಿ ಒಳಗ ನಾ ಕೂಡಿಸಿ, ಆಯೀಗೆ ತಿಳಿಸಿ, ಪೆಟ್ಟಿಗ್ಯಾಗ ಇಡ್ತೀನಿ.” ಕೀಲಿಗೆ ಆನೆದಂತದ ಚೂರು ಬೇಕಿತ್ತು. ಅದು ಸಿಗುತ್ತಿದ್ದದ್ದು ಗಂಗಾವತಿಯ ಒಬ್ಬ ಬಳೆಗಾರನ ಹತ್ತಿರ. ಅದನ್ನು ತರಲು ಹೋದ ಅಪ್ಪ ನಡುವೆ ಮುನಿರಾಬಾದಿನಲ್ಲಿ ಒಬ್ಬ ಸಾಹೇಬನಿಗೆ ಪೈಪು ಮುಟ್ಟಿಸಲು ಇಳಿದ. ಆ ಸಾಹೇಬ ಇವತ್ತು ನಾಳೆ ಎಂದು ಕಾಯಿಸಿದ. ಅಮಾವಾಸ್ಯೆಯ ಬೆಳಗಾದರೂ ಅಪ್ಪ ಬರಲಿಲ್ಲ. ಅವ್ವ ಅರಿವೆ ಒಗೆಯಲು ಹಳ್ಳಕ್ಕೆ ಹೋಗಿದ್ದಳು. ನಾನು ಪಡಸಾಲೆಗೆ ಬಂದಾಗ ಆಯಿ ಒಲೆಯ ಇಕ್ಕಳದಿಂದ ಆ ಪೈಪಿನ ಬಟ್ಟಲನ್ನು ಹಿಡಿದು, ಸತ್ತ ಇಲಿಯನ್ನು ಎತ್ತುವ ಹಾಗೆ ಎತ್ತಿ, ಬಾಗಿಲ ಕಡೆ ನಡೆಯುತ್ತಿದ್ದಳು.

“ಆಯೀ, ಎಲ್ಲಿಗೆ?”

“ತಿಪ್ಪಿಗೆ. ಸತ್ತಾವನ ಬಾಯಿ ಅಮಾಸಿ ದಿನ ನನ್ನ ಮನ್ಯಾಗ ಕುಂಡ್ರಾಕ ಬಂದೇತೇನು?”

“ಗೌಡಸಾನೀದು ಅದು! ಆಕಿ ಉಣ್ಣೂದು ಅದರ ಮ್ಯಾಲೈತಿ!”

“ಆಕಿ ಊಟದ ಸಲುವಾಗಿ ನಾವು ಸಾಯೂನೇನು? ಇಳಸ್ತೀಯೋ, ತಿಪ್ಪಿಗೆ ಒಗೀಲ್ಯೋ? ಹೇಳು ಲಗೂನ. ಕೈ ನೋಯಾಕ ಹತ್ತೈತಿ.”

ತಿಪ್ಪೆಗೆ ಹೋದರೆ ಪೈಪೇ ಇಲ್ಲ. ತೊಳೆದರೆ ಪೈಪಾದರೂ ಉಳಿಯುತ್ತದೆ. ನನ್ನ ಸಣ್ಣ ತಲೆಗೆ ಹೊಳೆದ ಲೆಕ್ಕ ಅಷ್ಟೇ. “ಇಳಸ್ತೀನಿ ಕೊಡು,” ಅಂದೆ. ಆದರೆ ಚಾಕು ಹಿಡಿಯುವ ಮೊದಲು, ಬಟ್ಟಲಿಗೆ ಕೊಳವೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಒಮ್ಮೆ ಎಳೆದೆ. ಸತ್ಯ ಬರೆಯಲು ಕೂತಿದ್ದೇನೆ, ಆದ್ದರಿಂದ ಬರೆಯುತ್ತೇನೆ: ಆಯಿಯ ಇಕ್ಕಳ ಇರದಿದ್ದರೂ ಒಂದಲ್ಲ ಒಂದು ದಿನ ಎಳೆಯುತ್ತಿದ್ದೆ. ಮೊದಲು ತಂಬಾಕಿನ ಘಾಟು, ಅದರಡಿ ಬೆಲ್ಲ, ಆಮೇಲೆ ಲವಂಗ, ಜಾಲಿಕಡ್ಡಿಯಿಂದ ಹಲ್ಲುಜ್ಜುವವರ ಬಾಯಿಯ ಒಗರು. ಎಲ್ಲಕ್ಕಿಂತ ಕೆಳಗೆ, ನಾಲಿಗೆಯ ಬುಡದಲ್ಲಿ, ದವಾಖಾನೆಯ ಬಿಳಿ ಪುಡಿಯಂಥ ಕಹಿ. ಆ ಕಹಿಗೆ ಕಣ್ಣಲ್ಲಿ ನೀರು ಬಂತು. ನಾನು ಕೆರೆದೆ, ಉಪ್ಪು ತುಂಬಿದೆ, ತುದಿಯನ್ನು ಬೂದಿಯಿಂದ ತಿಕ್ಕಿದೆ. ಸಂಜೆ ಖಾಲಿ ಎಳೆದು ನೋಡಿದೆ. ಗೌಡರು ಹೋಗಿದ್ದರು.

ಮರುದಿನ ಅಪ್ಪ ಬಂದವನು ಚೀಲ ಇಳಿಸುವ ಮೊದಲೇ ಗೋಡೆ ನೋಡಿದ. ಪೈಪು ಮೂಸಿ ನೋಡಬೇಕಾಗಿರಲಿಲ್ಲ, ದೂರದಿಂದಲೇ ಹೊಳೆಯುತ್ತಿತ್ತು.

“ಯಾರು ಮಾಡಿದ್ದು?”

“ನಾ.”

“ನಾ ಮಾಡಸ್ದೆ,” ಎಂದು ಆಯಿ ಒಳಗಿನಿಂದ ಕೂಗಿದಳು. “ನನ್ನ ಮ್ಯಾಲ ಬಾ ಏನಿದ್ರೂ!”

ಅಪ್ಪ ಯಾರ ಮೇಲೂ ಹೋಗಲಿಲ್ಲ. ಕಂಬಕ್ಕೆ ಒರಗಿ ಕೂತು ಬಟ್ಟಲನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ. ಅವನು ನನಗೆ ಜೀವನದಲ್ಲಿ ಕೈ ಮಾಡಿದ್ದಿಲ್ಲ. ಅವತ್ತು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

“ಒಂದ ಹೆಣ್ಮಗಳ ಅನ್ನಾ ತೊಳದೀಯಲ್ಲ, ಕಮಲೀ,” ಅಂದ.

“ಖರೇ ಹೇಳಿಬಿಡೂನ್ರಿ,” ಅಂದಳು ಅವ್ವ. “ಕಾಲ ಬೀಳೂನು.”

“ಹೇಳಿದ್ರ ಆಕಿ ಬೈದು ಹೋಗಂಗಿಲ್ಲ. ಮನಿಗೆ ಹೋಗಿ ಹಾಲೂ ಬಿಟ್ಟು ಮಕ್ಕೋತಾಳ. ಆ ಕೈ ನೋಡಿಲ್ಲೇನ ನೀ?” ಆಮೇಲೆ ನನ್ನನ್ನು ಎದುರಿಗೆ ಕೂಡಿಸಿಕೊಂಡು ಕೇಳಿದ: “ರುಚಿ ನೋಡಿದ್ದೇನು? ಖರೇ ಹೇಳು. ಬೈಯಂಗಿಲ್ಲ.”

ಹೂಂ ಎಂದು ತಲೆಯಾಡಿಸಿದೆ.

“ನೆನಪೈತೇನು? ಹೇಳು, ನಾ ಸೇದಿ ಅದನ್ನ ಮತ್ತ ತುಂಬ್ತೀನಿ.”

ನೆನಪಿತ್ತು. ಇವತ್ತಿಗೂ ಇದೆ. ಒಂದೊಂದಾಗಿ ಹೇಳಿದೆ, ಕೊನೆಯದೊಂದನ್ನು ಬಿಟ್ಟು. ಆ ಕಹಿಯನ್ನು ಮುಚ್ಚಿಟ್ಟೆ. ಅದನ್ನು ನನ್ನ ಅಪ್ಪನ ಬಾಯಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಅವತ್ತೇ, ಗುರುವಾರ ಮಧ್ಯಾಹ್ನದಿಂದ, ಅಪ್ಪ ಎಲೆ-ತಂಬಾಕು ಬಿಟ್ಟ. ದಂತದ ಕೀಲು ಕೂಡಿಸಿ, ನಿಪ್ಪಾಣಿ ತಂಬಾಕಿಗೆ ಬೆಲ್ಲದ ನೀರು ಚಿಮುಕಿಸಿ, ಲವಂಗ ಕುಟ್ಟಿ ಬೆರೆಸಿ, ಜಾಲಿಕಡ್ಡಿ ಅಗಿದು, ಆ ಪೈಪನ್ನು ಸೇದತೊಡಗಿದ. ದಿನಕ್ಕೆ ಏಳೆಂಟು ಬಟ್ಟಲು. ಒಂದು ಬಟ್ಟಲು ಆರಿದೊಡನೆ ನಾನು ಖಾಲಿ ಎಳೆದು ಹೇಳಬೇಕು: ಲವಂಗ ಹೆಚ್ಚಾತು, ಬೆಲ್ಲ ಸಾಲದು, ಇನ್ನಾ ನೀನ ಅದೀ ಅಪ್ಪಾ. ಅದೇ ದೊಡ್ಡ ತೊಡಕು. ಅಪ್ಪನ ಬಾಯಿಯನ್ನು ದಾಟಿ ಇನ್ನೊಬ್ಬರು ಬರಬೇಕಿತ್ತು. “ಇನ್ನಾ ನೀನ ಅದೀ” ಎಂದು ನಾನು ಅಂದಾಗೆಲ್ಲ ಅವನು ಸಪ್ಪಗೆ ನಗುತ್ತಿದ್ದ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಆ ನಗು ನಿಂತಿತು.

ಮೊದಲು ಕಂಡವಳು ಅವ್ವ. ಅಪ್ಪ ಯಾವಾಗಲೂ ನಟ್ಟನಡುವೆ ಹಿಡಿಯುತ್ತಿದ್ದ ಪೈಪು ಬಾಯಿಯ ಎಡಕ್ಕೆ ಸರಿದಿತ್ತು. ಗುಳಿ ಇದ್ದಲ್ಲಿ ಹಲ್ಲು ತಾನಾಗಿ ಕೂತುಕೊಳ್ಳುತ್ತದೆ, ಅದರಲ್ಲೇನು ವಿಶೇಷ ಅಂದುಕೊಳ್ಳಬಹುದು. ಆದರೆ ಪೈಪು ಕೆಳಗಿಟ್ಟಾಗಲೂ ತುಟಿಯ ಎಡಕೊನೆ ಜೋತೇ ಇತ್ತು. ಆಮೇಲೆ ಕೆಮ್ಮು ಶುರುವಾಯಿತು. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಗಂಟಲು ಕೆರೆಯುವ ಸಣ್ಣ ಸದ್ದು. ಅಪ್ಪ ಕೆಮ್ಮಿದ್ದನ್ನು ನಾವು ಕೇಳದವರಲ್ಲ. ಅವನದು ಹೀಗಿರಲಿಲ್ಲ. ಗಂಗಾಳವನ್ನು ಬೆರಳಿನಿಂದ ಬಳಿದು ತೊಳೆದಂತೆ ಮಾಡುತ್ತಿದ್ದವನು ಅವತ್ತು ಜೋಳದ ರೊಟ್ಟಿಯ ಕಾಲು ಭಾಗ ಮುರಿದು ಬದಿಗಿಟ್ಟ, ಅದರ ಮೇಲೊಂದಿಷ್ಟು ಪಲ್ಲೆ ಇಟ್ಟು ಕೈ ತೊಳೆದ.

“ಯಾಕ್ರಿ, ರೊಟ್ಟಿ ಛಲೋ ಆಗಿಲ್ಲೇನು?”

“ಛಲೋ ಆಗೈತಿ.”

“ಮತ್ತ ಬಿಟ್ಟೀರಲ್ಲ?”

ಅಪ್ಪ ಆ ಕಾಲು ರೊಟ್ಟಿಯನ್ನು ತಾನೇ ಈಗ ಕಂಡವನಂತೆ ನೋಡಿದ. “ಇರ್ಲಿ,” ಅಂದ.

ನಮ್ಮ ಮನೆಯಲ್ಲಿ ಅವ್ವ ಬೇರೆ ಗಂಗಾಳದಲ್ಲೇ ಉಣ್ಣುತ್ತಿದ್ದಳು. ಆ ತುಂಡನ್ನು ಅವಳು ಮುಟ್ಟಲಿಲ್ಲ, ದನಕ್ಕೂ ಹಾಕಲಿಲ್ಲ. ಶನಿವಾರವೂ ಹಾಗೇ ಒಂದು ತುಂಡು ಉಳಿಯಿತು. ಇನ್ನೊಂದು ಸಂಗತಿಯನ್ನು ನಾನೊಬ್ಬಳೇ ಗಮನಿಸಿದ್ದೆ. ಆ ದಿನಗಳಲ್ಲಿ ಗೋಡೆ ಉಸಿರಾಡಲಿಲ್ಲ. ಗಾಳಿ ಇಲ್ಲ, ಅದಕ್ಕೇ, ಎಂದು ಅವ್ವ ಹೇಳಿದಳು. ಅಂಗಳದಲ್ಲಿ ಅವಳ ಸೀರೆ ಹಗ್ಗದ ಮೇಲೆ ಪಟಪಟ ಬಡಿದುಕೊಳ್ಳುತ್ತಿತ್ತು. ಗೂಟದ ಮೇಲಿನ ಪೈಪುಗಳೆಲ್ಲ, ಹಿರಿಯರು ಬಂದಾಗ ಮಕ್ಕಳು ಬಾಯಿ ಮುಚ್ಚುವ ಹಾಗೆ, ಸುಮ್ಮನಿದ್ದವು. ಪರ್ಫೆಕ್ಟ್ ಸೈಲೆನ್ಸ್. ಮುಂದೆ ಕಾನ್ವೆಂಟಿನ ಚಾಪೆಲ್‌ನಲ್ಲಿ ಎಲ್ಲರೂ ಮಂಡಿಯೂರಿದಾಗ ಅಂಥ ಮೌನ ಸಿಕ್ಕಿತು. ಅಲ್ಲಿ ನನಗೆ ಬೆನ್ನು ತಣ್ಣಗಾಗುತ್ತಿತ್ತು. ಶನಿವಾರ ಇಳಿಹೊತ್ತಿನಲ್ಲಿ ಖಾಲಿ ಪೈಪು ಎಳೆದ ನಾನು ಅದನ್ನು ಬಾಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡೆ. ಲವಂಗ ಇಷ್ಟು, ಬೆಲ್ಲ ಇಷ್ಟು ಅನ್ನುವ ಹಾಗಿರಲಿಲ್ಲ.

“ಏನವಾ?” ಅಂದ ಅಪ್ಪ.

“ಬಂದಾರ,” ಅಂದೆ.

ಆಯಿ ಕುಂಕುಮ ತಂದು ಹೊಸ್ತಿಲಿಗೆ ಹಚ್ಚಿದಳು.

ನಡೆದದ್ದರ ಬಾಲವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಭಾನುವಾರದ ಮೇಲೆ ಏನನ್ನೂ ಹೇರಲು ನನಗೆ ಇಷ್ಟವಿಲ್ಲ. ಅಪ್ಪನ ತುಟಿ ಒಂದು ವಾರಕ್ಕೆ ನೆಟ್ಟಗಾಯಿತು. ಕೆಮ್ಮು ಹೋಗಲು ಮಳೆಗಾಲ ಬರಬೇಕಾಯಿತು. ಆ ವರ್ಷವೇ ನನ್ನನ್ನು ಬಳ್ಳಾರಿಗೆ ಕಳಿಸಿದರು. ಅಪ್ಪನೇ ಮುಂದೆ ನಿಂತು, ಪೈಪು ರಿಪೇರಿಗೆ ಕೊಡುತ್ತಿದ್ದ ಒಬ್ಬ ಪಾದ್ರಿಯ ಕಾಲು ಹಿಡಿದು ಕಳಿಸಿದ. ಆ ಬಳಿಕ ಯಾವ ಪೈಪನ್ನೂ ನನ್ನ ಬಾಯಿಗೆ ಕೊಡಲಿಲ್ಲ. ಅಲ್ಲಿ ಶನಿವಾರ ಸಂಜೆ ಕ್ರಿಶ್ಚಿಯನ್ ಹುಡುಗಿಯರು ಕನ್ಫೆಶನ್‌ಗೆ ಸಾಲು ನಿಲ್ಲುತ್ತಿದ್ದರು. ನನಗೆ ಪರ್ಮಿಶನ್ ಇರಲಿಲ್ಲ. ಗಾಜಿನ ಬಾಗಿಲಾಚೆ ನಿಂತು, ಹೇಳಿಕೊಂಡು ಹಗುರಾಗಿ ಹೊರಬರುವ ಅವರ ಮುಖಗಳನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ.

ಭಾನುವಾರ ಗೌಡಸಾನಿ ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಬಂಡಿಯ ಸದ್ದು ಕೇಳಿ ಅಪ್ಪ ಉಣ್ಣುತ್ತಿದ್ದವನು ಎದ್ದು, ಕೈ ತೊಳೆದು, ಪೈಪನ್ನು ಬಿಳಿ ಅರಿವೆಯಲ್ಲಿಟ್ಟು ಕಂಬದ ಪಕ್ಕ ನಿಂತ. ಅವಳು ಬಂಡಿಯ ಗೂಟ ಹಿಡಿದು ಇಳಿದಳು, ಎರಡು ಹೆಜ್ಜೆಗೊಮ್ಮೆ ನಿಂತಳು. ಕಂಬಳಿಯ ಮೇಲೆ ಕೂತವಳು ಪೈಪನ್ನು ಕೈಗೆ ತೆಗೆದುಕೊಂಡು ಹಲ್ಲಿನ ಗುಳಿಗಳ ಮೇಲೆ ಹೆಬ್ಬೆರಳು ಆಡಿಸಿದಳು. ಹೇಳಿಬಿಡಬೇಕು, ‘ನಾ ತೊಳದೆನ್ರಿ’ ಅನ್ನಬೇಕು ಎಂದು ಬಾಯಿ ತೆರೆದದ್ದೂ ಹೌದು. ಹಿಂದಿನಿಂದ ಅವ್ವ ನನ್ನ ಜಡೆ ಹಿಡಿದುಕೊಂಡಳು. ಎಳೆಯಲಿಲ್ಲ, ಹಿಡಿದುಕೊಂಡಳು ಅಷ್ಟೇ.

ಗೌಡಸಾನಿ ಪೈಪನ್ನು ತುಟಿಗೆ ಮುಟ್ಟಿಸಿದಳು. ಕಣ್ಣು ಮುಚ್ಚಿದಳು. ಬಹಳ ಹೊತ್ತು ತೆರೆಯಲಿಲ್ಲ.

“ಔಷಧದ ಕಹಿ ಇಲ್ಲ,” ಅಂದಳು.

ನಾನು ಮುಚ್ಚಿಟ್ಟದ್ದನ್ನೇ ಅವಳ ನಾಲಿಗೆ ಮೊದಲು ಹುಡುಕಿತ್ತು. ಎಲ್ಲ ಮುಗಿಯಿತು ಅಂದುಕೊಂಡೆ.

“ಕಡೀಕ ಕಡೀಕ ಭಾಳ ಕಹಿ ಆಗಿತ್ತು ಇವರ ಬಾಯಿ,” ಅಂದಳು ಮತ್ತೆ. ಮುಖ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. “ಈಗ ಆರಾಮ ಆಗ್ಯಾರ.”

ಆಗ ಅಪ್ಪ ಕೆಮ್ಮಿದ. ಎರಡು ಗಿಡ್ಡ, ಒಂದು ಉದ್ದ.

ಗೌಡಸಾನಿ ಥಟ್ಟನೆ ಎದ್ದಳು. ಕೈಯೂರಲಿಲ್ಲ, ಕಂಬ ಹಿಡಿಯಲಿಲ್ಲ, ಹೊಸ ಸೊಸೆ ಎದ್ದಂತೆ ಎದ್ದಳು. ಸೆರಗನ್ನು ಹಣೆಯ ತನಕ ಎಳೆದು, ಅಪ್ಪನಿಗೆ ಮುಖ ಮರೆಯಾಗುವಂತೆ ಬಾಗಿಲ ಸಂದಿಗೆ ಸರಿದು ನಿಂತಳು. ನಮ್ಮಂಥವರನ್ನು ಏಕವಚನದಲ್ಲಲ್ಲದೆ ಎಂದೂ ಮಾತಾಡಿಸದ ಬಾಯಿಯಿಂದ ಮೆಲ್ಲನೆಯ ದನಿ ಬಂತು:

“ನೀರ ತರ್ಲೇನ್ರಿ?”

ಅಪ್ಪನ ಮುಖ ನನಗೆ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ ಕಾಣುತ್ತಿತ್ತು. ಅತ್ತಲಿಂದ ಉತ್ತರ ಬಂತು. ಆ ದನಿ ಯಾರದೆಂದು ಎಷ್ಟೋ ವರ್ಷ ಅವನನ್ನು ಕೇಳಬೇಕೆಂದಿದ್ದೆ, ಕೇಳದೇ ಉಳಿದೆ.

“ಬ್ಯಾಡ. ನೀ ಉಣ್ಣು.”

ಅವಳು ಸುತ್ತ ನೋಡಿದಳು. ಪಡಸಾಲೆಯ ನಡುವೆ ಅಪ್ಪ ಬಿಟ್ಟೆದ್ದ ಗಂಗಾಳ ಇತ್ತು. ಅದರಲ್ಲಿ ಕಾಲು ರೊಟ್ಟಿ, ಅದರ ಮೇಲೊಂದಿಷ್ಟು ಪಲ್ಲೆ. ಗೌಡರ ಮನೆಯವರು ಬಡಿಗರ ಮನೆಯಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ಬಾಗಿಲಾಚೆ ಅವಳ ಬಂಡಿ ಹೊಡೆಯುವವ ಕೂತಿದ್ದ, ಅವನು ಕಂಡರೆ ಊರೆಲ್ಲ ಕಾಣುತ್ತದೆ. ಅವ್ವ ಹೋಗಿ ಬಾಗಿಲನ್ನು ಮುಂದಕ್ಕೆ ಎಳೆದಳು. ಗೌಡಸಾನಿ ಗಂಗಾಳದ ಮುಂದೆ ಕಾಲು ಮಡಚಿ ಕೂತು, ರೊಟ್ಟಿ ಮುರಿದು, ಪಲ್ಲೆ ಹಚ್ಚಿ, ಬಾಯಿಗಿಟ್ಟುಕೊಂಡಳು. ಹಸಿದವರು ತಿನ್ನುವ ಹಾಗೆ ಅಲ್ಲ. ದಿನಾಲೂ ಇದೇ ಹೊತ್ತಿಗೆ, ಇದೇ ಜಾಗದಲ್ಲಿ ತಿನ್ನುವವರ ಹಾಗೆ, ನಿಧಾನವಾಗಿ ಅಗಿದು ತಿಂದಳು. ಅವಳ ಗಂಟಲಲ್ಲಿ ತುತ್ತು ಇಳಿಯುವುದನ್ನು ನಾನು ಒಂದೊಂದಾಗಿ ನೋಡಿದೆ.

ಅವ್ವ ಒಳಗೆ ಓಡಿ ಬಿಸಿ ರೊಟ್ಟಿಯೊಂದನ್ನು ತಂದು ಗಂಗಾಳಕ್ಕೆ ಹಾಕಲು ಬಾಗಿದಳು. ಗೌಡಸಾನಿ ಎಡಗೈ ಅಡ್ಡ ಹಿಡಿದಳು.

“ಸಾಕವಾ,” ಅಂದಳು. “ಅವರು ಬಿಟ್ಟದ್ದು ಇಷ್ಟ.”